ಔಷಧಕ್ಕೆ ಬಗ್ಗದ ಕ್ಷಯರೋಗಕ್ಕೆ ಈಗ ಆರು ತಿಂಗಳ ಚಿಕಿತ್ಸೆ ಸಾಕೇ?

ಹೆಚ್ಚಿನವರಿಗೆ ಸಾಕು, ಎಲ್ಲರಿಗೂ ಅಲ್ಲ. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗದ ಕ್ಷಯಕ್ಕೆ ಹಿಂದೆ ಒಂದೂವರೆ ವರ್ಷಕ್ಕೂ ಮೀರಿ ಔಷಧ ನುಂಗಬೇಕಾಗುತ್ತಿತ್ತು. ಅದರ ಜೊತೆಗೆ ತಿಂಗಳುಗಟ್ಟಲೆ ಕೊಡುತ್ತಿದ್ದ ಕನಾಮೈಸಿನ್ ಚುಚ್ಚುಮದ್ದಿನಿಂದ ಕೆಲವರ ಕಿವಿಯೇ ಶಾಶ್ವತವಾಗಿ ಮಂದವಾಗುತ್ತಿತ್ತು. ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಝೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ನಾಲ್ಕು ಔಷಧಗಳ, ಚುಚ್ಚುಮದ್ದೇ ಇಲ್ಲದ ಆರು ತಿಂಗಳ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಭಾರತದ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ಬೆಡಾಕ್ವಿಲಿನ್ ರೋಗಾಣುವಿನ ಶಕ್ತಿ ಉತ್ಪಾದನೆಯನ್ನೇ ತಡೆಯುವುದರಿಂದ ಹಳೆಯ ಔಷಧಗಳಿಗೆ ಜಗ್ಗದ ರೋಗಾಣುವೂ ಸಾಯುತ್ತದೆ. ಗರ್ಭಿಣಿಯರಿಗೆ, 14 ವರ್ಷದೊಳಗಿನ ಮಕ್ಕಳಿಗೆ, ಮಿದುಳು ಅಥವಾ ಮೂಳೆಯ ಕ್ಷಯಕ್ಕೆ ಈ ಕ್ರಮ ಹೊಂದುವುದಿಲ್ಲ.

ಅವಧಿ ಕಡಿಮೆಯಾಯಿತೆಂದು ನಿಗಾ ಕಡಿಮೆಯಾಗುವಂತಿಲ್ಲ. ಬೆಡಾಕ್ವಿಲಿನ್ ಹೃದಯದ ಲಯವನ್ನು ಏರುಪೇರು ಮಾಡಬಲ್ಲದಾದ್ದರಿಂದ ಆಗಾಗ ಇಸಿಜಿ ತೆಗೆಯಬೇಕು. ನನ್ನ ದೃಷ್ಟಿಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಲಿನೆಝೋಲಿಡ್ ಬಗ್ಗೆ: ಅದರಿಂದ ರಕ್ತಹೀನತೆ ಬರಬಹುದು, ಕಣ್ಣು ಮಂಜಾಗಬಹುದು, ಪಾದಗಳು ಜುಮುಗುಟ್ಟಿ ಮರಗಟ್ಟಬಹುದು. ಚಪ್ಪಲಿ ಕಾಲಿನಿಂದ ಜಾರಿದ್ದೇ ಗೊತ್ತಾಗಲಿಲ್ಲವೆಂದು ರೋಗಿ ಹೇಳಿದರೆ, ಅದನ್ನು ಬರೀ ನಿಶ್ಶಕ್ತಿಯೆಂದು ತಳ್ಳಿಹಾಕದೆ ಅಂದೇ ವೈದ್ಯರ ಗಮನಕ್ಕೆ ತರಬೇಕು. ಲಿನೆಝೋಲಿಡ್ ಪ್ರಮಾಣವನ್ನು ತಗ್ಗಿಸಿಯೂ ಚಿಕಿತ್ಸೆ ಮುಂದುವರಿಸಲು ಅವಕಾಶವಿದೆ.