ಸಮ ಚಿಹ್ನೆ ಇಲ್ಲದ ಕ್ಯಾಲ್ಕುಲೇಟರ್

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಹಳೆಯ ಎಚ್‌ಪಿ ಕ್ಯಾಲ್ಕುಲೇಟರ್ ಒಂದು ಸಿಕ್ಕಿತು. ಬ್ಯಾಟರಿ ಹಾಕಿದರೆ ಈಗಲೂ ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ‘=’ ಗುಂಡಿಯೇ ಇಲ್ಲ, ಬದಲಿಗೆ ದೊಡ್ಡದೊಂದು ಎಂಟರ್ ಗುಂಡಿ ಇದೆ. ಇದು ರಿವರ್ಸ್ ಪೋಲಿಷ್ ನೊಟೇಶನ್, ಅಂದರೆ ಆರ್‌ಪಿಎನ್ ಎಂದು ಯಾರೋ ಹೇಳಿದರು. ಎಲ್ಲ ಲೆಕ್ಕವೂ ಮೊಬೈಲಿನಲ್ಲೇ ಮುಗಿಯುವ ಈ ಕಾಲದಲ್ಲಿ ಇದನ್ನು ಕಲಿತು ಪ್ರಯೋಜನ ಉಂಟೇ?

ಉತ್ತರ: ಉಂಟು, ಅದರಲ್ಲೂ ನಿಮ್ಮ ಓದಿಗೆ ಖಂಡಿತ ಉಂಟು. ಒಂದು ವಾರ ಕಷ್ಟವಾಗುತ್ತದೆ, ಆಮೇಲೆ ಬೆರಳೇ ಕಲಿತುಬಿಡುತ್ತದೆ. ಮೂವತ್ತು ವರ್ಷ ಇದೇ ಬಗೆಯ ಯಂತ್ರ ಹಿಡಿದು ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ.

ನಾನು ಇದರ ಕಡೆಗೆ ತಿರುಗಿದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾಲುವೆಯೊಂದರ ಮಣ್ಣು ಅಗೆತದ ಲೆಕ್ಕ ನನ್ನ ಪಾಲಿಗೆ ಬಂತು. ತಳದ ಅಗಲ 3 ಮೀಟರ್, ಮೇಲಿನ ಅಗಲ 7, ಆಳ 1.6. ಎರಡು ಅಗಲ ಕೂಡಿಸಿ, ಅರ್ಧ ಮಾಡಿ, ಆಳದಿಂದ ಗುಣಿಸಿದರೆ ಕ್ರಾಸ್ ಸೆಕ್ಷನ್ನಿನ ವಿಸ್ತೀರ್ಣ. ಮೇಜಿನ ಮೇಲಿದ್ದ ಸಾಧಾರಣ ಕ್ಯಾಲ್ಕುಲೇಟರಿನಲ್ಲಿ 3 + 7 ÷ 2 × 1.6 = ಎಂದು ಒತ್ತಿ ಒತ್ತಿ ರೂಢಿಯಾಗಿತ್ತು. ಅದು ಒತ್ತಿದ ಹಾಗೇ ಒಂದೊಂದಾಗಿ ಮಾಡುತ್ತಾ ಹೋಗುವುದರಿಂದ 8 ಎಂಬ ಸರಿಯುತ್ತರವೇ ಬರುತ್ತಿತ್ತು. ಆ ದಿನ ಕೈಯಲ್ಲಿದ್ದದ್ದು ಹೊಸ ಸೈಂಟಿಫಿಕ್ ಕ್ಯಾಲ್ಕುಲೇಟರ್. ಅದೇ ಗುಂಡಿಗಳನ್ನು ಅದೇ ಸರದಿಯಲ್ಲಿ ಒತ್ತಿದೆ. ಅದು ಗಣಿತದ ನಿಯಮದಂತೆ ಭಾಗಾಕಾರ, ಗುಣಾಕಾರ ಮೊದಲು ಮುಗಿಸಿ, ಆಮೇಲೆ 3 ಕೂಡಿಸಿ 8.6 ತೋರಿಸಿತು.

8.6 ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. 86 ಬಂದಿದ್ದರೆ ಕಣ್ಣಿಗೆ ಬೀಳುತ್ತಿತ್ತು. 500 ಮೀಟರ್ ಉದ್ದಕ್ಕೆ ಗುಣಿಸಿದಾಗ 300 ಘನ ಮೀಟರ್ ಮಣ್ಣು ಸುಮ್ಮನೆ ಕಾಗದದ ಮೇಲೆ ಹೆಚ್ಚಾಯಿತು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹಿಡಿದರು. ಬೈಯಲಿಲ್ಲ. ತಮ್ಮ ಆರ್‌ಪಿಎನ್ ಯಂತ್ರವನ್ನು ನನ್ನ ಮುಂದಿಟ್ಟು, ಅದೇ ಲೆಕ್ಕವನ್ನು ಬಾಯಲ್ಲಿ ಹೇಳುತ್ತಾ ಮಾಡಿ ಎಂದರು.

ನೀವೂ ಮಾಡಿ ನೋಡಿ. 3 ಒತ್ತಿ ಎಂಟರ್, 7 ಒತ್ತಿ +. ಪರದೆಯ ಮೇಲೆ 10. 2 ಒತ್ತಿ ÷. ಈಗ 5. 1.6 ಒತ್ತಿ ×. 8 ಬಂತು. ಬಾಯಲ್ಲಿ ಹೇಳಿಕೊಂಡರೆ, ‘ಮೂರಕ್ಕೆ ಏಳು ಕೂಡಿಸು, ಎರಡರಿಂದ ಭಾಗಿಸು, ಒಂದು ಪಾಯಿಂಟ್ ಆರರಿಂದ ಗುಣಿಸು.’ ಕನ್ನಡದಲ್ಲಿ ನಾವು ಲೆಕ್ಕ ಹೇಳುವುದೇ ಹೀಗಲ್ಲವೇ? ಸಂಖ್ಯೆಗಳು ಮೊದಲು, ಕ್ರಿಯಾಪದ ಕೊನೆಗೆ. ಆರ್‌ಪಿಎನ್ ಎಂದರೆ ಇಷ್ಟೇ: ಏನು ಮಾಡಬೇಕೆಂಬುದನ್ನು ಕೊನೆಯಲ್ಲಿ ಹೇಳುವುದು. ಇದು ತಲೆಕೆಳಗು ಪದ್ಧತಿ ಎಂದು ಹೆದರುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಆ 10 ಮತ್ತು 5ನ್ನು ಗಮನಿಸಿದಿರಾ? 10 ಎಂದರೆ ಎರಡು ಅಗಲಗಳ ಮೊತ್ತ, 5 ಎಂದರೆ ಸರಾಸರಿ ಅಗಲ. ಸರಾಸರಿ ಅಗಲ 3ಕ್ಕಿಂತ ಕಡಿಮೆಯೋ 7ಕ್ಕಿಂತ ಹೆಚ್ಚೋ ಬಂದರೆ ಅಲ್ಲೇ ಕೈ ನಿಲ್ಲುತ್ತದೆ. ಕೆಲವು ಗುಂಡಿ ಕಡಿಮೆ ಒತ್ತಬಹುದು, ಬೇಗ ಮುಗಿಯುತ್ತದೆ ಎಂದು ಇದರ ಅಭಿಮಾನಿಗಳು ಹೇಳುವುದುಂಟು. ನಿಜವೇ, ಆದರೆ ನನಗೆ ಅದು ಅಷ್ಟು ಮುಖ್ಯವೆನಿಸಿಲ್ಲ. ಪ್ರತಿ ಹೆಜ್ಜೆಯ ಉತ್ತರವೂ ಕಣ್ಣೆದುರು ಬಂದು ಹೋಗುತ್ತದೆ ಎಂಬುದೇ ದೊಡ್ಡ ವಿಷಯ. ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವವರು ನೀವೇ ಆಗಿರುತ್ತೀರಿ, ಯಂತ್ರ ನಿಮ್ಮ ಪರವಾಗಿ ಊಹಿಸುವುದಿಲ್ಲ. 6 ÷ 2(1 + 2) ಎಷ್ಟು ಎಂದು ಜನ ಜಗಳವಾಡುತ್ತಾರಲ್ಲ, 1 ಎನ್ನುವ ಕ್ಯಾಲ್ಕುಲೇಟರೂ ಇದೆ, 9 ಎನ್ನುವುದೂ ಇದೆ. ಆರ್‌ಪಿಎನ್‌ನಲ್ಲಿ ಆ ಜಗಳಕ್ಕೆ ಜಾಗವೇ ಇಲ್ಲ.

ಇನ್ನು ಹೆಸರಿನ ಮಾತು. ಯಾನ್ ವುಕಾಶೇವಿಚ್ ಎಂಬ ಪೋಲೆಂಡಿನ ತರ್ಕಶಾಸ್ತ್ರಜ್ಞರು 1924ರಲ್ಲಿ ಆವರಣ ಚಿಹ್ನೆ ಬೇಡದ ಬರವಣಿಗೆಯೊಂದನ್ನು ಯೋಚಿಸಿದರು. ಅವರದರಲ್ಲಿ ಚಿಹ್ನೆ ಮೊದಲು, ಸಂಖ್ಯೆ ಆಮೇಲೆ. ಅದನ್ನು ತಿರುಗಿಸಿದ್ದಕ್ಕೆ ರಿವರ್ಸ್ ಎಂಬ ಹೆಸರು. 1972ರಲ್ಲಿ ಬಂದ ಎಚ್‌ಪಿ-35 ಇದನ್ನು ಎಂಜಿನಿಯರುಗಳ ಜೇಬಿಗೆ ತಂದಿತು, ಅಲ್ಲಿಯವರೆಗೆ ಲೆಕ್ಕಕ್ಕೆ ಬಳಸುತ್ತಿದ್ದ ಜಾರುಪಟ್ಟಿ, ಅಂದರೆ ಸ್ಲೈಡ್ ರೂಲ್, ಮೂಲೆ ಸೇರಿತು. 1981ರ ಎಚ್‌ಪಿ-12ಸಿ ಹಣಕಾಸಿನವರ ನಡುವೆ ಇಂದಿಗೂ ಬಳಕೆಯಲ್ಲಿದೆ. ಹಣಕಾಸು ವಿಶ್ಲೇಷಕರಾಗುವವರು ಬರೆಯುವ ಸಿಎಫ್‌ಎ ಪರೀಕ್ಷೆಗೆ ಒಯ್ಯಲು ಬಿಡುವ ಎರಡೇ ಬಗೆಯ ಕ್ಯಾಲ್ಕುಲೇಟರುಗಳಲ್ಲಿ ಅದೂ ಒಂದು. ನಿಮ್ಮ ಪರೀಕ್ಷೆಯ ನಿಯಮ ಮಾತ್ರ ಮೊದಲೇ ಓದಿಕೊಳ್ಳಿ, ಏಕೆಂದರೆ ಪ್ರೋಗ್ರಾಂ ಬರೆಯಬಹುದಾದ ಯಂತ್ರಗಳನ್ನು ಹಲವು ಕಡೆ ಒಳಗೆ ಬಿಡುವುದಿಲ್ಲ.

ದಿನಕ್ಕೆ ನಾಲ್ಕು ಸಣ್ಣ ಕೂಡುಲೆಕ್ಕ ಮಾಡುವವರಿಗೆ ಇದು ಬೇಕಿಲ್ಲ. ನೂರಾರು ಸಾಲಿನ ಲೆಕ್ಕಕ್ಕೆ ಸ್ಪ್ರೆಡ್‌ಶೀಟೇ ಸರಿ. ಆದರೆ ಸ್ಪ್ರೆಡ್‌ಶೀಟಿನ ಉತ್ತರ ನಂಬಬಹುದೇ ಎಂದು ಕೈಯಲ್ಲಿ ಪರೀಕ್ಷಿಸುವಾಗ ನಾನು ಇವತ್ತಿಗೂ ತೆಗೆಯುವುದು ಇದನ್ನೇ. ನಿಮ್ಮ ದೊಡ್ಡಪ್ಪನ ಯಂತ್ರದಲ್ಲಿ ಹಳೆಯ ಬ್ಯಾಟರಿ ಸೋರಿದ ಬಿಳಿ ಪುಡಿ ಇದೆಯೇ ಎಂದೊಮ್ಮೆ ನೋಡಿ. ಇದ್ದರೆ ಒಣಬಟ್ಟೆಯಿಂದ ಒರೆಸಿ ತೆಗೆಯಿರಿ, ಹಾಗೇ ಬಿಟ್ಟರೆ ಒಳಗಿನ ತಗಡನ್ನು ತಿಂದುಹಾಕುತ್ತದೆ.

ಪ್ರಶ್ನೆ: ಯಂತ್ರ ಇಲ್ಲದವರು ಎಲ್ಲಿ ಕಲಿಯಬೇಕು? ಪ್ರೋಗ್ರಾಮಿಂಗ್ ಓದುವವರಿಗೆ ಇದರಿಂದ ಏನಾದರೂ ಸಿಗುತ್ತದೆಯೇ?

ಉತ್ತರ: ಮೊಬೈಲಿಗೆ ‘ಫ್ರೀ42’ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ, 1988ರ ಎಚ್‌ಪಿ-42ಎಸ್ ಯಂತ್ರದ ತದ್ರೂಪು ಅದು. ಒತ್ತಿದ ಸಂಖ್ಯೆಗಳನ್ನು ಸಾಲಾಗಿ ಇಟ್ಟುಕೊಂಡು, ಕೊನೆಗೆ ಬಂದದ್ದನ್ನು ಮೊದಲು ತೆಗೆಯುವ ಜಾಗಕ್ಕೆ ಸ್ಟ್ಯಾಕ್ ಎನ್ನುತ್ತಾರೆ; ಪ್ರೋಗ್ರಾಮಿಂಗ್ ಓದುವವರಿಗೆ ಅದು ಬೆರಳ ತುದಿಯಲ್ಲೇ ಅರ್ಥವಾಗುತ್ತದೆ. ಜಾವಾದ ವರ್ಚುಯಲ್ ಮೆಷಿನ್ ಒಳಗೊಳಗೇ ಲೆಕ್ಕ ಮಾಡುವುದು ಇದೇ ಕ್ರಮದಲ್ಲಿ. ಪ್ರಿಂಟರುಗಳ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯೂ ಹೀಗೆಯೇ, ಸಂಖ್ಯೆ ಮೊದಲು, ಆಜ್ಞೆ ಆಮೇಲೆ.

ಪ್ರಶ್ನೆ: ಸ್ಟ್ಯಾಕಿನಲ್ಲಿ ನಾಲ್ಕೇ ಮೆಟ್ಟಿಲು ಎನ್ನುತ್ತಾರೆ. ಆವರಣದೊಳಗೆ ಆವರಣ ಇರುವ ಲೆಕ್ಕಕ್ಕೆ ಅದು ಸಾಕೇ?

ಉತ್ತರ: ಎಡದಿಂದ ಓದಿದಂತೆ ಒತ್ತುತ್ತಾ ಹೋದರೆ ಸಾಲದು. 2 × (3 + 4 × (5 + 6 × (7 + 8))) ತೆಗೆದುಕೊಳ್ಳಿ. 2, 3, 4, 5 ಸೇರುವಷ್ಟರಲ್ಲಿ ಮೆಟ್ಟಿಲು ತುಂಬಿತು. 6 ಬರುತ್ತಲೇ ಮೇಲಿನ 2 ಹೊರಗೆ ಬಿದ್ದುಹೋಗುತ್ತದೆ, ಯಂತ್ರ ಒಂದು ಮಾತೂ ಹೇಳುವುದಿಲ್ಲ. ಹೊಸಬರು ಮೋಸಹೋಗುವುದು ಇಲ್ಲೇ.

ಒಳಗಿನ ಆವರಣದಿಂದ ಶುರುಮಾಡಿ. 7 ಎಂಟರ್ 8 +, ಬಂದದ್ದು 15. 6 ×, 90. 5 +, 95. 4 ×, 380. 3 +, 383. 2 ×, 766. ನಾಲ್ಕು ಮೆಟ್ಟಿಲಲ್ಲಿ ಬಳಸಿದ್ದು ಎರಡನ್ನೇ. ಕೈಯಲ್ಲಿ ಕಾಗದದ ಮೇಲೆ ಬಿಡಿಸುವಾಗಲೂ ನೀವು 7 ಮತ್ತು 8ರಿಂದಲೇ ಹೊರಡುತ್ತಿದ್ದಿರಿ.