ಬೈಯುವ ಡಾಕ್ಟರನ್ನು ಬಿಟ್ಟರೆ ಶುಗರ್ ಇಳಿಯುತ್ತಾ?

ಹೋದಾಗಲೆಲ್ಲ ಬೈತಾರೆ, ಶುಗರ್ ಇಳೀತಿಲ್ಲ, ಬೇರೆ ಡಾಕ್ಟರನ್ನು ನೋಡಲಾ ಅಂತ ಕೇಳಿದ್ದೀರಿ. ಜಯನಗರದಿಂದ ಬನಶಂಕರಿವರೆಗೆ ಮೂವರನ್ನು ನೋಡಿದವನು ನಾನು. ಮೂವರಿಗೂ ಹೇಳಿದ್ದು ಒಂದೇ ಸುಳ್ಳು.

ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಶುರುವಾದ ವಾರವೇ ಹೊಟ್ಟೆ ಕೆಟ್ಟಿತು. ದಿನಾ ಒಂದೂವರೆ ಗಂಟೆ ಬಸ್ಸಿನಲ್ಲಿ ಪೀಣ್ಯಕ್ಕೆ ಹೋಗುವವನು, ದಾರಿಯಲ್ಲಿ ಅವಸರವಾದರೆ ಏನು ಗತಿ? ಜೊತೆಗೆ ಗ್ಲಿಮೆಪಿರೈಡ್ ಅಂತ ಇನ್ನೊಂದು ಮಾತ್ರೆ. ಯಾವುದರಿಂದ ತೊಂದರೆ ಅಂತ ಗೊತ್ತಾಗದೆ ಕೆಲಸದ ದಿನ ಎರಡನ್ನೂ ಬಿಟ್ಟೆ. ಭೇದಿ ಆಗುತ್ತೆ ಅಂತ ಹೇಳಲು ನಾಚಿಕೆ. ಒಳಗೆ ಮಾತಾಡಿದ್ದು ಹೊರಗೆ ಕೂತವರಿಗೂ ಕೇಳಿಸುವ ಕ್ಲಿನಿಕ್ ಬೇರೆ.

ಟೆಸ್ಟ್‌ಗೆ ಮೂರು ದಿನ ಇದೆ ಅನ್ನುವಾಗ ಮಾತ್ರೆ ಸರಿಯಾಗಿ ನುಂಗಿ, ಮುದ್ದೆ, ಸೊಪ್ಪಿನ ಸಾರು ಉಂಡು, ಲಾಲ್‌ಬಾಗಿನಲ್ಲಿ ಸುತ್ತು ಹಾಕುತ್ತಿದ್ದೆ. ಖಾಲಿ ಹೊಟ್ಟೆಯದ್ದು 118 ಬರುತ್ತಿತ್ತು. ಎಚ್‌ಬಿಎ1ಸಿ ಮಾತ್ರ 8.9. ಅದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯ ಲೆಕ್ಕ, ಹಿಂದಿನ ಎರಡು ಮೂರು ತಿಂಗಳದ್ದು. ಮೂರು ದಿನದ ಮುದ್ದೆಗೆಲ್ಲ ಜಗ್ಗಲ್ಲ.

"ಮಾತ್ರೆ ತಪ್ಪಿಸ್ತಿಲ್ಲ ತಾನೆ?"

"ಇಲ್ಲ ಡಾಕ್ಟ್ರೇ."

ಅವರಾದರೂ ಏನು ಮಾಡ್ತಾರೆ? ಈ ಡೋಸ್ ಸಾಲದು ಅಂದುಕೊಂಡು ಗ್ಲಿಮೆಪಿರೈಡ್ 1 ಮಿಲಿಗ್ರಾಂ ಇದ್ದದ್ದನ್ನು 2 ಮಾಡಿದರು. ಮುಂದಿನ ಸಲ 4. ನಾನು ನುಂಗದ ಮಾತ್ರೆ ಚೀಟಿಯಲ್ಲಿ ದಪ್ಪ ಆಗ್ತಾ ಹೋಯಿತು.

ಅಷ್ಟರಲ್ಲಿ ಮಗಳು ವಾರದ ಮಾತ್ರೆ ಡಬ್ಬಿ ತಂದು, ಬೆಳಿಗ್ಗೆ ಎದುರಿಗೇ ನಿಂತು ನುಂಗಿಸತೊಡಗಿದಳು. ನಾಲ್ಕನೇ ದಿನ ಶನಿವಾರ, ಊಟ ತಡವಾಯಿತು. ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ನಂಬರ್ ಓದಲಿಕ್ಕೇ ಆಗಲಿಲ್ಲ. ಅಂಗಿ ಬೆವರಿಗೆ ಒದ್ದೆ, ಚಿಲ್ಲರೆ ಹಿಡಿದ ಕೈ ಗಡಗಡ. ಕಬ್ಬಿನ ಹಾಲಿನವನು ಕೂರಿಸಿ ಒಂದು ಲೋಟ ಕುಡಿಸಿದ. ಕ್ಲಿನಿಕ್‌ನಲ್ಲಿ ನೋಡಿದಾಗ ಆಮೇಲೂ 64. ಎಪ್ಪತ್ತಕ್ಕಿಂತ ಕೆಳಗೆ ಹೋದರೇ ಲೋ ಶುಗರ್ ಅಂತ ಲೆಕ್ಕ.

ಅವತ್ತು ಎಲ್ಲ ಬಾಯಿಬಿಟ್ಟೆ. "ಇದನ್ನ ಮೊದಲೇ ಹೇಳೋಕೇನ್ರೀ?" ಅಂತ ಬೈದರು. ಗ್ಲಿಮೆಪಿರೈಡ್ ವಾಪಸ್ 1. ಮೆಟ್‌ಫಾರ್ಮಿನ್‌ನಲ್ಲಿ ನಿಧಾನಕ್ಕೆ ಕರಗುವ ಬಗೆ, ಅದೂ ರಾತ್ರಿ ಊಟದ ಜೊತೆ. ಹತ್ತು ದಿನದಲ್ಲಿ ಹೊಟ್ಟೆ ಸರಿಹೋಯಿತು. ಇದಕ್ಕಾ ಎರಡು ವರ್ಷ ಒದ್ದಾಡಿದ್ದು ಅನ್ನಿಸಿತು.

ಡಾಕ್ಟರ್ ಬದಲಾಯಿಸೋದು ಆಮೇಲೆ. ಮೊದಲು ಮನೆಯಲ್ಲಿ ಉಳಿದ ಸ್ಟ್ರಿಪ್‌ಗಳನ್ನೆಲ್ಲ ಕವರಿಗೆ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲೆ ಸುರಿಯಿರಿ. ನೀವಾಗಿಯೇ ಡೋಸ್ ಏರಿಸೋದು, ಇಳಿಸೋದು ಮಾಡಬೇಡಿ. ನಿಜ ಹೇಳಿದ ಮೇಲೂ ತಲೆ ಎತ್ತದೆ ಬರೆದುಕೊಟ್ಟರೆ, ಆಗ ಬಿಡಿ. ಆದರೆ ಸಿಹಿಯಾಗಿ ಮಾತಾಡುವವರೇ ಬೇಕು ಅನ್ನೋದನ್ನ ನಾನು ಒಪ್ಪಲ್ಲ. ನನ್ನ ಎರಡನೇ ಡಾಕ್ಟರು ತುಂಬಾ ಸಿಹಿ. ಅವರ ಹತ್ತಿರ ಸುಳ್ಳು ಹೇಳೋದು ಇನ್ನೂ ಸುಲಭವಾಗಿತ್ತು.

ಇವರು ಈಗಲೂ ಬೈತಾರೆ. ಹೋದ ತಿಂಗಳು ಎಚ್‌ಬಿಎ1ಸಿ 7.1. "ರಸಪೂರಿ ಸೀಸನ್ನು, ಎಷ್ಟು ತಿಂದ್ರಿ?" ಅಂದರು. ಎರಡು ಅಂದೆ. ಕನ್ನಡಕದ ಮೇಲಿಂದ ನೋಡಿದರು.

"ದಿನಕ್ಕೆ, ಡಾಕ್ಟ್ರೇ."