ನಿಂತು ಕುಡಿಯುವ ಕಾಫಿ

ಸಮಾಲೋಚನೆಗೆ ನನ್ನಲ್ಲಿಗೆ ಬಂದವರೊಬ್ಬರ ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನಲವತ್ತರ ಆಚೀಚಿನ ಆ ಮಹಿಳೆಯ ಮನೆ ವಿಜಯನಗರದಲ್ಲಿ, ಕೆಲಸ ವೈಟ್‌ಫೀಲ್ಡ್ ಕಡೆಯ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ. ಮೊದಲ ಭೇಟಿಯಲ್ಲಿ ಅವರು ಹೇಳಿಕೊಂಡ ದೂರು ಒಂದೇ: ‘ವಾರವೆಲ್ಲ ಚೆನ್ನಾಗಿಯೇ ಇರ್ತೀನಿ ಮೇಡಂ. ಭಾನುವಾರ ಬಂತು ಅಂದ್ರೆ ತಲೆನೋವು, ಸಿಡುಕು, ಸುಮ್ಮಸುಮ್ಮನೆ ಅಳು.’ ಮನೆಯವರು ಬಲವಂತವಾಗಿ 3 ದಿನ ಚಿಕ್ಕಮಗಳೂರಿಗೆ ಕರೆದೊಯ್ದಿದ್ದರು. ಹಿಂತಿರುಗುವಾಗ ಅವರು ಹೋದಾಗಿನದಕ್ಕಿಂತ ಹೆಚ್ಚು ಕುಸಿದಿದ್ದರು.

ಆಯಾಸದ ಮಾತು ಬಂದಾಗ ಮೊದಲು ವೈದ್ಯರನ್ನು ಕಂಡು ಬರುವಂತೆ ಹೇಳುವುದು ನನ್ನ ಪದ್ಧತಿ, ಏಕೆಂದರೆ ಥೈರಾಯ್ಡ್ ದೋಷವೂ ರಕ್ತಹೀನತೆಯೂ ಮನಸ್ಸಿನ ಬಳಲಿಕೆಯ ವೇಷದಲ್ಲೇ ಬರುತ್ತವೆ. ಇವರಿಗೆ ಹಿಮೋಗ್ಲೋಬಿನ್ ತುಸು ಕಡಿಮೆಯಿತ್ತು, ಅದಕ್ಕೆ ಮಾತ್ರೆ ಶುರುವಾಯಿತು. ಬದುಕೇ ಬೇಡವೆಂಬ ಯೋಚನೆ ಇರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ‘ಇದು ಬರ್ನ್‌ಔಟಾ?’ ಎಂದು ಅವರೇ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟನ್ನು, ಅಂದರೆ ಕೆಲಸದ ಒತ್ತಡದಲ್ಲಿ ಬಸವಳಿಯುವುದನ್ನು, ಕಾಯಿಲೆಯೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಮಾತ್ರ ಗುರುತಿಸಿದೆ. ಕಚೇರಿಯ ಕೆಲಸದಲ್ಲಿ ಚುರುಕಾಗಿಯೇ ಇದ್ದು ರಜೆಯಲ್ಲಿ ಕುಸಿಯುವ ಇವರಿಗೆ ಆ ಹೆಸರು ಹೊಂದುವುದಿಲ್ಲವೆಂದು ನನಗನ್ನಿಸಿತು.

ದಿನಚರಿಯನ್ನು ಬಿಡಿಸಿ ಕೇಳಿದಾಗ ಸಿಕ್ಕ ಒಂದು ಸಂಗತಿ ನನ್ನ ಕಣ್ಣು ತೆರೆಸಿತು. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರು ಮೆಟ್ರೊದ ನೇರಳೆ ಮಾರ್ಗ ಪೂರ್ಣಗೊಂಡು ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಒಂದೇ ರೈಲು ಸಿಕ್ಕ ಮೇಲೆ, ಬಸ್ಸಿನಲ್ಲಿ ಕಳೆಯುತ್ತಿದ್ದ ಹೊತ್ತಿನಲ್ಲಿ ಸಾಕಷ್ಟು ಉಳಿಯಿತು. ಉಳಿದ ಹೊತ್ತನ್ನೆಲ್ಲ ಅವರು ಮೊಬೈಲಿನಲ್ಲಿ ಮೇಲ್‌ಗಳಿಗೆ ಉತ್ತರಿಸಲು ಬಳಸಿಕೊಂಡರು. ಬೆಳಗಿನ ಕಾಫಿಯನ್ನು ಒಲೆಯ ಮುಂದೆ ನಿಂತೇ ಕುಡಿಯುವುದು, ಸಂಜೆಯದನ್ನು ದರ್ಶಿನಿಯ ಮೇಜಿಗೆ ಒರಗಿ ನಿಂತು. ನಮ್ಮ ಊರಿನ ತಿಂಡಿಯೇ ನಿಂತುಕೊಂಡು ನಡೆಯುತ್ತದೆನ್ನಿ, ಆದರೆ ಇವರಿಗೆ ಮನೆಯಲ್ಲಿ ಕುರ್ಚಿಯಿದ್ದರೂ ಕೂರಲಾಗುತ್ತಿರಲಿಲ್ಲ. ಕೊರತೆ ಸಮಯದ್ದಲ್ಲವೆಂದು ನನಗೆ ಸ್ಪಷ್ಟವಾಯಿತು.

ಅಷ್ಟಾದರೂ ನಾನು ಎಡವಿದೆ. ದಿನಕ್ಕೆ ಅರ್ಧ ಗಂಟೆ ಏನೂ ಮಾಡದೆ ಸುಮ್ಮನೆ ಕುಳಿತಿರಲು ಹೇಳಿಬಿಟ್ಟೆ. ಮುಂದಿನ ವಾರ ಬಂದವರು, ಎದೆ ಹೊಡೆದುಕೊಂಡು 5 ನಿಮಿಷಕ್ಕೇ ಎದ್ದುಬಿಟ್ಟೆ ಎಂದರು. ಆ ಐದು ನಿಮಿಷದಲ್ಲಿ ಏನು ನೆನಪಾಯಿತೆಂದು ಕೇಳಿದಾಗಲೇ ತಂದೆಯ ವಿಷಯ ಹೊರಬಂದದ್ದು. ಅವರು ತೀರಿಕೊಂಡು 14 ತಿಂಗಳಾಗಿತ್ತು. ಹನ್ನೊಂದನೆಯ ದಿನದ ತಿಥಿ ಮುಗಿಸಿ ಮರುದಿನವೇ ಇವರು ಕಚೇರಿಗೆ ಹೋಗಿದ್ದರು. ಅಂದಿನಿಂದ ನಿಂತರೆ ದುಃಖ ಬಂದು ಹಿಡಿಯುತ್ತದೆಂದು ಓಡುತ್ತಲೇ ಇದ್ದರು, ಭಾನುವಾರ ಓಡಲು ದಾರಿಯಿರಲಿಲ್ಲ. ಇಷ್ಟು ಕಾಲ ಎಚ್ಚರದ ಸ್ಥಿತಿಯಲ್ಲೇ ಇದ್ದ ದೇಹ, ಕೂರು ಎಂದಾಕ್ಷಣ ಶಾಂತವಾಗುವುದಿಲ್ಲ. ಬಿಡುವು ಸಿಕ್ಕೊಡನೆ ಅದುಮಿಟ್ಟದ್ದೆಲ್ಲ ಮೇಲೇಳುವುದೇ ಹೆಚ್ಚು.

‘ಕಾಯಕವೇ ಕೈಲಾಸ ಅಂತಾರಲ್ಲ ಮೇಡಂ, ಸುಮ್ಮನೆ ಕೂತ್ರೆ ತಪ್ಪು ಮಾಡಿದ ಹಾಗಾಗುತ್ತೆ’ ಎಂದರು. ಆ ಮಾತಿನ ಜೊತೆ ನಮಗೆ ನೆನಪಾಗುವ ಆಯ್ದಕ್ಕಿ ಮಾರಯ್ಯ, ಒಮ್ಮೆ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಹಿಂದಕ್ಕೆ ಸುರಿದು ಬರಲು ಹೇಳಿದಳೆಂಬ ಕಥೆಯನ್ನು ನೆನಪಿಸಿದೆ. ಅವರು ನಕ್ಕರು. ಅದು ಅಲ್ಲಿಯವರೆಗೆ ನಾನು ಕಂಡ ಅವರ ಮೊದಲ ನಗು.

ಸಲಹೆಯನ್ನು ಬದಲಿಸಿದೆ. ಇಂಥವರಿಗೆ ಖಾಲಿ ಹೊತ್ತು ಕೊಡಬಾರದು. ಕೈಗೆ ನಿಧಾನದ ಕೆಲಸವೊಂದನ್ನು ಕೊಡಬೇಕು, ಆಗ ಮನಸ್ಸು ತನ್ನ ಪಾಡಿಗೆ ಹತ್ತಿರ ಬರುತ್ತದೆ. ಬೆಳಗಿನ ಕಾಫಿಯನ್ನು ಕೂತು ಕುಡಿಯುವುದು, ಆ 10 ನಿಮಿಷ ಮೊಬೈಲ್ ಬೇರೆ ಕೋಣೆಯಲ್ಲಿರುವುದು. ಎದೆ ಹೊಡೆದುಕೊಂಡರೆ ಏಳುವ ಬದಲು, ನಿಮಿಷಕ್ಕೆ ಆರರ ಆಸುಪಾಸಿಗೆ ಉಸಿರನ್ನು ಇಳಿಸಿ, ಒಳಗೆಳೆದುದಕ್ಕಿಂತ ಹೊರಬಿಡುವುದನ್ನು ದೀರ್ಘವಾಗಿಸುವುದು. ಇದರಿಂದ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಮೂಲಕ ಹೃದಯದ ಬಡಿತ ತಗ್ಗುತ್ತದೆ. ರಾತ್ರಿ ಕನಿಷ್ಠ 7 ಗಂಟೆಗಳ ನಿದ್ದೆ. ಮನೆಯವರಿಗೆ ಹೇಳಿದ್ದು ಒಂದೇ: ಅಳು ಬಂದರೆ ತಡೆಯಬೇಡಿ, ಸಮಾಧಾನದ ಮಾತನ್ನೂ ಆಡಬೇಡಿ, ಪಕ್ಕದಲ್ಲಿರಿ. ನಡುರಾತ್ರಿ ಸಂಕಟ ತಡೆಯಲಾಗದಿದ್ದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟೆ.

ಅಷ್ಟರಲ್ಲಿ ಜನವರಿ ಬಂತು. ಒಂದು ಭಾನುವಾರ ಅವರು ಮಗಳೊಡನೆ ನೆಲದ ಮೇಲೆ ಕೂತು, ರಾತ್ರಿ ನೆನೆಸಿಟ್ಟಿದ್ದ ಅವರೆಕಾಳು ಹಿಚುಕುತ್ತಿದ್ದರಂತೆ. ಆ ಕೆಲಸವನ್ನು ಅವಸರದಲ್ಲಿ ಮಾಡಲು ಯಾರಿಗೂ ಬರುವುದಿಲ್ಲ. ಸೊಗಡಿನ ವಾಸನೆಗೆ, ಪ್ರತಿವರ್ಷ ಮಾಗಡಿಯಿಂದ ಚೀಲದ ತುಂಬ ಕಾಯಿ ಹೊತ್ತು ತರುತ್ತಿದ್ದ ತಂದೆ ನೆನಪಾಗಿ, ಪಾತ್ರೆ ತುಂಬುವವರೆಗೂ ಅತ್ತರು. ಮಗಳು ಹಿಚುಕುತ್ತಲೇ ಇದ್ದಳು. ಆ ದಿನ ತಲೆನೋವು ಬರಲಿಲ್ಲ. ಮುಂದಿನ ಎರಡು ಭಾನುವಾರ ಅದು ಬಂತು, ಅಷ್ಟು ಜೋರಾಗಿ ಅಲ್ಲ.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ರೈಲಿನಲ್ಲಿ ಮೇಲ್ ನೋಡುವುದು ನಿಂತಿಲ್ಲ, ನಾನೂ ಒತ್ತಾಯಿಸಿಲ್ಲ. ಆದರೆ ಮೆಜೆಸ್ಟಿಕ್‌ವರೆಗೆ ಮೊಬೈಲನ್ನು ಚೀಲದಿಂದ ತೆಗೆಯುವುದಿಲ್ಲವೆಂದು ತಾವೇ ನಿಯಮ ಮಾಡಿಕೊಂಡಿದ್ದಾರೆ. ಆ ನಾಲ್ಕು ನಿಲ್ದಾಣಗಳಲ್ಲಿ ಒಂದು ಮಾಗಡಿ ರಸ್ತೆ. ಅದು ಬಂದಾಗ ಕಿಟಕಿಯಾಚೆ ನೋಡುತ್ತಾರಂತೆ.